ಚೆಕ್ ಕೊಡದೆ ಗೆದ್ದ ನಡೆ

ಚೆಸ್ ಟೂರ್ನಿಯಲ್ಲಿ ಪೇರಿಂಗ್ ಪಟ್ಟಿ (ಯಾರಿಗೆ ಯಾರು ಎದುರಾಳಿ, ಯಾವ ಬಣ್ಣ ಎಂಬ ಪಟ್ಟಿ) ಅಂಟಿಸಿದ ಕೂಡಲೇ, ಮೊದಲ ನಡೆ ಬಿಳಿಗೇ ಎಂಬ ಕಾರಣಕ್ಕೆ ‘ಅಯ್ಯೋ, ಬ್ಲ್ಯಾಕ್ ಬಂತು ಸರ್’ ಎಂದು ಮುಖ ಸಪ್ಪಗೆ ಮಾಡಿಕೊಳ್ಳುವ ಮಕ್ಕಳಿಗೆ ನಾನು ಬುದ್ಧಿ ಹೇಳಲು ಹೋಗುವುದಿಲ್ಲ. ಒಂದು ಆಟ ಜೋಡಿಸಿ ತೋರಿಸುತ್ತೇನೆ. 2013ರ ಜನವರಿ, ನೆದರ್ಲೆಂಡ್ಸ್‌ನ ವೈಕ್ ಆನ್ ಜೀ ಟೂರ್ನಿ. ಬಿಳಿಯಲ್ಲಿ ಅರ್ಮೇನಿಯಾದ ಲೆವೋನ್ ಅರೋನಿಯನ್, ಕಪ್ಪಿನಲ್ಲಿ ಆಗಿನ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್.

ಸೆಮಿ-ಸ್ಲಾವ್ ಎಂಬ ಓಪನಿಂಗ್, ಅಂದರೆ ಆಟ ಶುರು ಮಾಡುವ ಒಂದು ಕ್ರಮ. 13ನೇ ನಡೆಯಲ್ಲಿ ಬಿಳಿ ಕುದುರೆ ಎಚ್7ರ (ಎಚ್ ಸಾಲಿನ ಏಳನೇ ಮನೆಯ) ಕಾಲಾಳನ್ನು ತಿಂದು ಆನೆಯ ಮೇಲೆ ಕಣ್ಣಿಟ್ಟಿತು. ಆನಂದ್ ಅದನ್ನು ಮುಟ್ಟಲೇ ಇಲ್ಲ, ತಮ್ಮ ಕುದುರೆಯನ್ನು ಜಿ4ಕ್ಕೆ ಹಾರಿಸಿದರು. 16ನೇ ನಡೆಯಲ್ಲಿ ಇನ್ನೊಂದು ಕುದುರೆಯೂ ಇ5ಕ್ಕೆ ಬಂತು. ಇಲ್ಲಿ ನಿಲ್ಲಿಸಿ, ಎಣಿಸಿ ಎನ್ನುತ್ತೇನೆ. ಸಿ5ರ ಒಂಟೆ, ಎರಡೂ ಕುದುರೆ, ಎಫ್8ರ ಆನೆ: ಕಪ್ಪಿನ ನಾಲ್ಕು ಕಾಯಿ ಒಟ್ಟಿಗೇ ಏಟಿನ ಬಾಯಲ್ಲಿ! ಆದರೆ ಬಿಳಿಗೆ ಇರುವುದು ಒಂದೇ ನಡೆ. ಅರೋನಿಯನ್ ಜಿ4ರ ಕುದುರೆ ತಿಂದರು, ಆನಂದ್ ಅದೇ ಮನೆಗೆ ಇನ್ನೊಂದು ಕುದುರೆ ತಂದರು, ಆಮೇಲೆ ಅರೋನಿಯನ್ ಆನೆಯನ್ನೂ ತಿಂದರು. ಅಷ್ಟರಲ್ಲಿ ಬಿ7 ಮತ್ತು ಡಿ4ರಲ್ಲಿ ಕೂತ ಎರಡು ಒಂಟೆಗಳು ಮೂಲೆಯ ರಾಜನ ಕಡೆಗೇ ಗುರಿ ಹಿಡಿದಿದ್ದವು. 1907ರಲ್ಲಿ ಇಂದಿನ ಪೋಲೆಂಡಿನ ವೂಚ್ ನಗರದಲ್ಲಿ ರೊಟ್ಲೆವಿ ವಿರುದ್ಧ ರೂಬಿನ್‌ಸ್ಟೀನ್ ಗೆದ್ದ ಆಟ ನೋಡಿದವರಿಗೆ ಇದು ಪರಿಚಿತ ಚಿತ್ರ. ಅಲ್ಲಿ ಗೆದ್ದದ್ದೂ ಕಪ್ಪೇ.

ಇಷ್ಟೆಲ್ಲ ಬೋರ್ಡಿನ ಮುಂದೆ ಕೂತು ಹೊಳೆದದ್ದಲ್ಲ. 2012ರಲ್ಲಿ ಇಸ್ರೇಲ್‌ನ ಬೋರಿಸ್ ಗೆಲ್ಫಾಂಡ್ ಎದುರಿನ ವಿಶ್ವ ಚಾಂಪಿಯನ್‌ಶಿಪ್‌ಗೆಂದು ಮಾಡಿಟ್ಟ ತಯಾರಿ ಇದು. ಅಲ್ಲಿ ಬಳಕೆಯಾಗದೆ ಉಳಿದ ಅಸ್ತ್ರ ಇಲ್ಲಿ ಹೊರಬಂತು.

ನನಗೆ ಇಷ್ಟವಾದದ್ದು ಮಾತ್ರ ಕೊನೆಯ ನಡೆ. ಕಪ್ಪು ಮಂತ್ರಿ ಎಚ್5ರಲ್ಲಿದೆ, ಎಚ್3ರ ಕಾಲಾಳಿಗೆ ಬಿಳಿ ಮಂತ್ರಿ ಡಿ3ರಿಂದ ಕಾವಲು ನಿಂತಿದೆ. ಆನಂದ್ ಒಂಟೆಯನ್ನು ಇ3ಕ್ಕೆ ಇಟ್ಟರು. ಚೆಕ್ ಇಲ್ಲ, ಏನನ್ನೂ ತಿಂದಿಲ್ಲ. ಕಾವಲಿನ ದಾರಿಗೆ ಅಡ್ಡ ಕೂತಿತು, ಅಷ್ಟೇ. ಮುಂದಿನ ನಡೆಗೆ ಕಪ್ಪು ಮಂತ್ರಿ ಎಚ್3ಕ್ಕೆ ಬಿದ್ದರೆ ಮೇಟ್.

ಯಾವ ಬ್ಯಾಚ್‌ನಲ್ಲಾದರೂ ಒಂದು ಮಗು ಕೈ ಎತ್ತಿಯೇ ಎತ್ತುತ್ತದೆ: ‘ಒಂಟೆಯನ್ನೇ ತಿಂದ್ರೆ, ಸರ್?’ ಒಂಟೆ ಹೋದ ಮನೆಯಲ್ಲಿ ಬಿಳಿಯದೇ ಒಂಟೆ ಬಂದು ಕೂರುತ್ತದೆ, ದಾರಿ ಮುಚ್ಚಿಯೇ ಇರುತ್ತದೆ. ಮಂತ್ರಿಯಿಂದ ತಿಂದರೆ ಜಿ4ರ ಕುದುರೆಗೆ ಮಂತ್ರಿಯೇ ಹೋಯಿತು. ‘ಹಾಗಾದ್ರೆ ಎಚ್ ಕಾಲಾಳಿಂದ ಆ ಕುದುರೆ ತಿಂತೀನಿ’ ಎಂದು ಇನ್ನೊಬ್ಬ ಎದ್ದು ಬಂದು ಕಾಯಿ ಎತ್ತುತ್ತಾನೆ. ಎತ್ತಿದ ಮೇಲೆ ಕಾಣುತ್ತದೆ, ಮುಂದೆ ಎಚ್5ರಲ್ಲಿ ಕಪ್ಪು ಮಂತ್ರಿ, ಹಿಂದೆ ಎಚ್1ರಲ್ಲಿ ರಾಜ ನಿಂತಿದ್ದಾನೆ, ಆ ಕಾಲಾಳು ಅಲ್ಲಾಡುವ ಹಾಗೇ ಇಲ್ಲ. ಹಾಗೇ ಮೆಲ್ಲಗೆ ವಾಪಸ್ ಇಡುತ್ತಾನೆ. ಅರೋನಿಯನ್ 23ನೇ ನಡೆಗೆ ಕೈಬಿಟ್ಟದ್ದೂ ಇಲ್ಲೇ.