ನದಿಗೆ ಮೀನಿನ ಮರಿ ಬಿಟ್ಟರೆ ಸಾಲದೇ?

ಪ್ರಶ್ನೆ: ನದಿಗಳಲ್ಲಿ ಸ್ಥಳೀಯ ಮೀನು ಕಡಿಮೆಯಾಗುತ್ತಿವೆ ಅಂತ ಎಲ್ಲರೂ ಹೇಳುತ್ತಾರೆ. ಲಕ್ಷಗಟ್ಟಲೆ ಮರಿ ಬೆಳೆಸಿ ನೀರಿಗೆ ಬಿಟ್ಟರೆ ಆಯ್ತಲ್ವಾ? ದಡದಲ್ಲಿ ಗಿಡ ನೆಡುವುದು, ಒಡ್ಡು ಒಡೆಯುವುದು, ಇಷ್ಟೆಲ್ಲ ಯಾಕೆ?

ಉತ್ತರ: ಬಹಳಷ್ಟು ಕಡೆ ಅದು ಸಾಲುವುದಿಲ್ಲ. ಕೆಲವು ಕಡೆ ಹಾಗೆ ಬಿಟ್ಟ ಮೀನೇ ಮೊದಲಿದ್ದ ಮೀನಿಗೆ ಕುತ್ತಾಗುತ್ತದೆ.

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ತೊಟ್ಟಿಯಲ್ಲಿ ಸಾಕಿದ ಟ್ರೌಟ್ ಮೀನನ್ನು ವರ್ಷಾವರ್ಷ ನದಿಗೆ ಬಿಡುತ್ತಿದ್ದರು. ಮ್ಯಾಡಿಸನ್ ನದಿಯಲ್ಲಿ ಮೀನು ಎಣಿಸಿ ನೋಡಿದರೆ, ಬಿಡುವುದನ್ನು ನಿಲ್ಲಿಸಿದ ಕಡೆಯೇ ನದಿಯಲ್ಲಿ ಹುಟ್ಟಿದ ಟ್ರೌಟ್ ಜಾಸ್ತಿಯಾಗಿದ್ದವು! 1974ರಲ್ಲಿ, ಟ್ರೌಟ್ ತಾವಾಗಿಯೇ ಮರಿ ಮಾಡುವ ನದಿಗಳಿಗೆ ಸಾಕಿದ ಮೀನು ಬಿಡುವುದನ್ನು ರಾಜ್ಯ ನಿಲ್ಲಿಸಿತು. ಹಾಕಿದ್ದನ್ನು ತಿಂದು ಬೆಳೆದ ಮೀನಿಗೆ ಹರಿವ ನೀರಲ್ಲಿ ಬದುಕುವ ಅಭ್ಯಾಸ ಇರುವುದಿಲ್ಲ. ತುಂಬಾ ಮೀನು ಬೇಗ ಸಾಯುತ್ತವೆ. ಅಷ್ಟರೊಳಗೆ ನದಿಯ ಮೀನಿನ ಜಾಗಕ್ಕೂ ಆಹಾರಕ್ಕೂ ಪೈಪೋಟಿ ಕೊಟ್ಟಿರುತ್ತವೆ. ಎರಡೂ ಬೆರೆತು ಮರಿ ಮಾಡಿದರೆ ತಳಿಯೂ ಸೊರಗಬಹುದು.

ಹಾಗಾಗಿ ನಾವು ಮೊದಲು ಕೇಳಬೇಕಾದದ್ದು, ಇದ್ದ ಮೀನು ಯಾಕೆ ಹೋದವು ಅಂತ.

ಮೊಟ್ಟೆಯಿಂದಲೇ ನೋಡೋಣ. ಎಷ್ಟೋ ಜಾತಿಯ ಮೀನು ನದಿಯ ತಳದ ಸಣ್ಣ ಕಲ್ಲುಗಳ ಸಂದಿಯಲ್ಲಿ ಮೊಟ್ಟೆ ಇಡುತ್ತವೆ. ಆ ಸಂದಿಯಲ್ಲಿ ನೀರು ಹರಿಯುತ್ತಿದ್ದರೆ ಮೊಟ್ಟೆಗೆ ಆಮ್ಲಜನಕ ಸಿಗುತ್ತದೆ. ಬೋಳು ದಡದಿಂದ ಕೊಚ್ಚಿ ಬಂದ ಮಣ್ಣು ಸಂದಿ ತುಂಬಿದರೆ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ದಡದ ಮರದ ಬೇರು ಆ ಮಣ್ಣನ್ನು ಹಿಡಿಯುತ್ತದೆ. ನೆರಳು ನೀರನ್ನು ತಂಪಾಗಿಡುತ್ತದೆ. ಇದು ಸಣ್ಣ ವಿಷಯವಲ್ಲ. 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಮರದಿಂದ ಉದುರುವ ಎಲೆ, ಹುಳುಗಳಿಂದ ಆಹಾರವೂ ಆಯಿತು. ದಡ ಕ್ಲೀನ್ ಮಾಡುತ್ತೇವೆ ಅಂತ ಪೊದೆಯನ್ನೆಲ್ಲ ಸವರಿ ಕಾಂಕ್ರೀಟ್ ಗೋಡೆ ಕಟ್ಟುವುದನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ.

ನೀರಿಗೆ ಬಿದ್ದ ಮರಕ್ಕೂ ಬೆಲೆಯಿದೆ. ಆಸ್ಟ್ರೇಲಿಯಾದ ಮರ್ರೆ ನದಿಯಲ್ಲಿ ಉಗಿಹಡಗುಗಳಿಗೆ ದಾರಿ ಮಾಡಲು ಮುಳುಗಿದ ದಿಮ್ಮಿಗಳನ್ನು ಎಳೆದು ಹಾಕಿದರು. ಅಲ್ಲಿನ ಮರ್ರೆ ಕಾಡ್ ಎಂಬ ದೊಡ್ಡ ಮೀನು ಆ ದಿಮ್ಮಿಗಳ ಮರೆಯಲ್ಲೇ ಬದುಕುವುದು, ಟೊಳ್ಳು ದಿಮ್ಮಿಯಲ್ಲಿ ಮೊಟ್ಟೆ ಇಡುವುದು. ಒಂದು ರೀತಿಯಲ್ಲಿ ಮೀನಿನ ಮನೆಗಳನ್ನೇ ಕಿತ್ತಂತಾಯಿತು. ಮುಂದೆ ಅದೇ ನದಿಯ ಹ್ಯೂಮ್ ಅಣೆಕಟ್ಟು ಮತ್ತು ಯಾರಾವಾಂಗಾ ಊರಿನ ನಡುವಿನ ಭಾಗದಲ್ಲಿ ಸಾವಿರಾರು ದಿಮ್ಮಿಗಳನ್ನು ಮತ್ತೆ ನೀರಿಗೆ ಇಳಿಸಿದರು. ಕಾಡ್ ಮೀನಿನ ಸಂಖ್ಯೆಯೂ ಏರಿತು.

ನದಿಯ ತಿರುವುಗಳೂ ಮೀನಿಗೆ ಬೇಕು. ಫ್ಲೋರಿಡಾದ ಕಿಸ್ಸಿಮ್ಮಿ ನದಿ ಸುಮಾರು 166 ಕಿ.ಮೀ. ಸುತ್ತಿ ಬಳಸಿ ಹರಿಯುತ್ತಿತ್ತು. 1960ರ ದಶಕದಲ್ಲಿ ಪ್ರವಾಹ ತಡೆಯಲೆಂದು ಅದನ್ನು 90 ಕಿ.ಮೀ. ಕಾಲುವೆ ಮಾಡಿದರು. ಅಕ್ಕಪಕ್ಕದ ಜೌಗು ಒಣಗಿತು, ನೀರಲ್ಲಿ ಆಮ್ಲಜನಕ ಕುಸಿಯಿತು. 1999ರಿಂದ 2021ರವರೆಗೆ ಕಾಲುವೆಯ ಸ್ವಲ್ಪ ಭಾಗ ಮುಚ್ಚಿ ಹಳೆಯ ತಿರುವುಗಳಿಗೆ ನೀರು ಹರಿಸಿದ ಮೇಲೆ ಆಮ್ಲಜನಕ ಸುಧಾರಿಸಿತು.

ಒಡ್ಡಿನ ವಿಷಯಕ್ಕೆ ಎಲ್ವಾ ನದಿಯನ್ನು ನೋಡಿ. ವಾಷಿಂಗ್ಟನ್ ರಾಜ್ಯದ ಈ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರೊಳಗೆ ಕೆಡವಿದರು. ಸುಮಾರು ನೂರು ವರ್ಷ ಮೇಲ್ಭಾಗದಲ್ಲೇ ಸಿಕ್ಕಿಬಿದ್ದಿದ್ದ ರೇನ್‌ಬೋ ಟ್ರೌಟ್ ಸಂತತಿ ದಾರಿ ತೆರೆದ ಕೂಡಲೇ ಮತ್ತೆ ಕಡಲಿಗೆ ಹೋಗಿ ಬರತೊಡಗಿತು. ಹೀಗೆ ಕಡಲಿಗೆ ಹೋಗಿ ಬೇಸಿಗೆಯಲ್ಲಿ ನದಿಗೆ ಮರಳುವ ರೇನ್‌ಬೋ ಟ್ರೌಟನ್ನು ಬೇಸಿಗೆ ಸ್ಟೀಲ್‌ಹೆಡ್ ಎನ್ನುತ್ತಾರೆ. ಅದನ್ನು ಯಾರೂ ತಂದು ಬಿಡಬೇಕಾಗಲಿಲ್ಲ.

ಹಾಗಂತ ಗಿಡ ನೆಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ಕಾರ್ಖಾನೆಯ ವಿಷ, ಊರಿನ ಕೊಳಚೆ ನಿಲ್ಲಬೇಕು. ಹೊಳೆಯಲ್ಲಿ ನೀರೇ ಉಳಿಯದಂತೆ ಪಂಪ್ ಹಾಕಿದರೆ ಯಾವ ಉಪಾಯವೂ ನಡೆಯದು. ನೆಟ್ಟ ಗಿಡ ನೆರಳು ಕೊಡಲು ವರ್ಷಗಳೇ ಬೇಕು.

ಮರಿ ಬಿಡುವುದಕ್ಕೂ ಒಂದು ಸಮಯವಿದೆ. ಒಂದು ಜಾತಿ ಆ ನದಿಯಿಂದ ಪೂರ್ತಿ ಅಳಿದಿದ್ದು, ತಾನಾಗಿ ಬರಲು ದಾರಿಯೂ ಇಲ್ಲದಿದ್ದರೆ ಬಿಡಲೇಬೇಕಾಗುತ್ತದೆ. ಆಗಲೂ ಅದು ಹೋಗಲು ಕಾರಣವಾದದ್ದನ್ನು ಮೊದಲು ಸರಿಪಡಿಸಬೇಕು. ಮರಿ ಕೂಡ ಅದೇ ನದಿಯ ತಳಿಯದ್ದು, ಇಲ್ಲವೇ ಅದಕ್ಕೆ ತೀರಾ ಹತ್ತಿರದ್ದು ಆಗಿರಬೇಕು.