ಪದ ಪರಿಚಯ: ಲಾಗ್ ಸ್ಪ್ಲಿಟರ್

ಲಾಗ್ ಸ್ಪ್ಲಿಟರ್ ಎಂದರೆ ಮರದ ದಿಮ್ಮಿಯನ್ನು ನಾರಿನ ಗುಂಟ ಸೀಳಿ ಸೌದೆ ಮಾಡುವ ಯಂತ್ರ. ಗರಗಸ ಮರವನ್ನು ಕೊಯ್ಯುತ್ತದೆ. ಇದು ಬೆಣೆ ತುರುಕಿ ನಾರನ್ನು ಬಿಡಿಸುತ್ತದೆ. ಸ್ವಂತ ಎಂಜಿನ್ ಇರುವ ಸ್ಪ್ಲಿಟರ್‌ಗಳೂ ಉಂಟು. ಇಲ್ಲಿ ಹೇಳುತ್ತಿರುವುದು ಟ್ರ್ಯಾಕ್ಟರಿಗೋ ಜೆಸಿಬಿಗೋ ನಮ್ಮ ಕಡೆ ಎಲ್ಲರೂ ಹಿಟಾಚಿ ಎಂದೇ ಕರೆಯುವ ಎಕ್ಸ್‌ಕವೇಟರಿಗೋ ಜೋಡಿಸಿ, ಅದರ ಬಲದಿಂದಲೇ ನಡೆಸುವ ಬಗೆಯ ಬಗ್ಗೆ.

ಮೈಸೂರಿನ ರಸ್ತೆ ಬದಿಯ ಹಳೆಯ ಮಳೆಮರವೊಂದು ಗಾಳಿಗೆ ಉರುಳಿತು ಎನ್ನಿ. ಬುಡದ ಅಡ್ಡಗಲ ಒಂದು ಮೀಟರ್ ಇದ್ದರೆ, 45 ಸೆಂ.ಮೀ. ಉದ್ದಕ್ಕೆ ಕೊಯ್ದ ಒಂದೇ ಹಸಿ ತುಂಡು ಸುಮಾರು 300 ಕಿಲೋ ತೂಗುತ್ತದೆ. ಅದನ್ನು ಉರುಳಿಸುವುದಕ್ಕೇ ನಾಲ್ಕಾಳು ಬೇಕು. ಮಳೆಮರದ ನಾರು ನೇರವಾಗಿರದೆ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಕೊಡಲಿ ಕಚ್ಚಿಕೊಂಡು ನಿಂತುಬಿಡುತ್ತದೆ. ಯಂತ್ರ ಎಷ್ಟು ಟನ್ ಒತ್ತುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಮಟ್ಟಿಗೆ, ಇಂಥ ಭಾರವನ್ನು ಮನುಷ್ಯ ಎತ್ತದಂತೆ ಮಾಡುವುದೇ ಇದರ ದೊಡ್ಡ ಉಪಕಾರ.

ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಹೈಡ್ರಾಲಿಕ್ ಬೆಣೆ. ಒತ್ತಡದಲ್ಲಿರುವ ಎಣ್ಣೆ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಬೆಣೆಯನ್ನು ಮರದೊಳಕ್ಕೆ ಒತ್ತುತ್ತದೆ. 10 ಸೆಂ.ಮೀ. ಒಳವ್ಯಾಸದ ಸಿಲಿಂಡರಿಗೆ 200 ಬಾರ್ ಒತ್ತಡದ ಎಣ್ಣೆ ಹರಿದರೆ ಸುಮಾರು 16 ಟನ್ ಬಲ ಸಿಗುತ್ತದೆ. ಬೆಣೆ ನಿಧಾನವಾಗಿ ಇಳಿಯುತ್ತದೆ. ಮೊದಲು ತುಂಡಿನ ಮುಖದಲ್ಲಿ ಕೂದಲೆಳೆಯಷ್ಟು ಬಿರುಕು, ಆಮೇಲೆ ಚಟಚಟ ಸದ್ದು. ಎರಡು ಹೋಳಾದ ಮೇಲೂ ನಡುವೆ ನಾರಿನ ಎಳೆಗಳು ಬಿಗಿದುಕೊಂಡೇ ಇರುತ್ತವೆ. ಬೆಣೆ ಕೊನೆಯವರೆಗೂ ಹೋದಾಗ ಅವೂ ಹರಿಯುತ್ತವೆ. ತೀರಾ ದಪ್ಪ ತುಂಡಾದರೆ ನಡುವಿಗೆ ಒತ್ತುವುದಕ್ಕಿಂತ ಅಂಚಿನಿಂದ ಹೋಳು ತೆಗೆಯುತ್ತಾ ಬರುವುದು ಸುಲಭ.

ಎರಡನೆಯದು ತಿರುಗುವ ಶಂಕು. ಮೈಮೇಲೆ ತಿರುಪಿನ ಸುತ್ತುಗಳಿರುವ ಉಕ್ಕಿನ ಶಂಕು ತಿರುಗುತ್ತಾ ಮರದೊಳಗೆ ಕೊರೆದುಕೊಂಡು ಹೋಗುತ್ತದೆ. ಒಳಹೋದಷ್ಟೂ ದಪ್ಪವಾಗುವುದರಿಂದ ಮರ ತಾನಾಗಿ ಬಿರಿಯುತ್ತದೆ. ಹಿಟಾಚಿಯ ತೋಳಿಗೆ ಕಟ್ಟಿದರೆ ಎರಡು ಮೂರು ಮೀಟರ್ ಉದ್ದದ ದಿಮ್ಮಿಯನ್ನೂ ತುಂಡು ಮಾಡದೆ, ಬಿದ್ದಲ್ಲೇ ಸೀಳಬಹುದು. ಆಪರೇಟರ್ ಕ್ಯಾಬಿನ್ನಿನಲ್ಲಿ ದೂರ ಕುಳಿತಿರುತ್ತಾನೆ.

ಇದೇ ಶಂಕುವನ್ನು ಟ್ರ್ಯಾಕ್ಟರಿನ ಪಿ.ಟಿ.ಒ.ಗೆ (ಎಂಜಿನ್ನಿನ ಬಲವನ್ನು ಜೋಡಿಸಿದ ಯಂತ್ರಕ್ಕೆ ಕೊಡುವ, ಹಿಂಬದಿಯ ತಿರುಗುವ ದಂಡ) ಹಾಕಿ, ತುಂಡನ್ನು ಕೈಯಲ್ಲಿ ಹಿಡಿದು ಒಡ್ಡುವ ಪದ್ಧತಿಯೂ ಇದೆ. ದಯವಿಟ್ಟು ಅದನ್ನು ಮಾಡಬೇಡಿ. ಪಿ.ಟಿ.ಒ. ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಲುಂಗಿಯ ಚುಂಗೋ ಹೆಗಲ ಟವೆಲ್ಲೋ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಶಂಕು ಕಚ್ಚಿದ ತುಂಡೇ ಗಿರ್ರನೆ ತಿರುಗಿ ಕಾಲಿಗೆ ಬಡಿಯಬಹುದು. ಬಾಡಿಗೆ ಕಡಿಮೆ ಎಂಬ ಕಾರಣಕ್ಕೆ ಕೂಲಿಯವರನ್ನು ಅದರ ಮುಂದೆ ನಿಲ್ಲಿಸುವುದು ತಪ್ಪು.

ರಸ್ತೆ ಬದಿಯ ಮರಗಳಲ್ಲಿ ಬೋರ್ಡು ಹೊಡೆದ ಮೊಳೆ, ಬೇಲಿ ತಂತಿ ಹುದುಗಿರುತ್ತವೆ. ಬೆಣೆಗೆ ಅದರಿಂದ ಹೆಚ್ಚು ತೊಂದರೆಯಿಲ್ಲ, ಮೊದಲೇ ತುಂಡು ಮಾಡುವ ಗರಗಸಕ್ಕೆ ಮಾತ್ರ ಕಷ್ಟ.

ಅಷ್ಟೆಲ್ಲಾ ಸೀಳಬೇಕೇಕೆ, ಇಡೀ ತುಂಡನ್ನೇ ಒಲೆಗೆ ತಳ್ಳಬಾರದೆ? ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಬ್ಯಾರನ್ (ಎಲೆಯನ್ನು ಕಾವಿನಲ್ಲಿ ಹದಮಾಡುವ ಮನೆ) ಉರಿಸುವವರಿಗೆ ಉತ್ತರ ಗೊತ್ತು: ಬ್ಯಾರನ್ನಿಗೆ ಹಗಲೂ ರಾತ್ರಿಯೂ ಹದವಾದ ಕಾವು ಬೇಕು, ಹಸಿ ಸೌದೆ ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ತೊಗಟೆ ಸುತ್ತಿರುವ ದಪ್ಪ ತುಂಡಿನಿಂದ ಆ ನೀರು ಬೇಗ ಹೊರಬರುವುದಿಲ್ಲ. ಸೀಳಿದಾಗ ಒಳಮೈ ಗಾಳಿಗೆ ತೆರೆದುಕೊಳ್ಳುತ್ತದೆ. ನೀರಿನಂಶ ಶೇ 20ಕ್ಕೆ ಇಳಿದ ಒಂದು ಕಿಲೋ ಸೌದೆ, ಅರ್ಧ ನೀರಿರುವ ಒಂದು ಕಿಲೋ ಸೌದೆಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಶಾಖ ಕೊಡುತ್ತದೆ. ಆದ್ದರಿಂದ ಸೀಳುವ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಮಳೆ ಹಿಡಿದ ಮೇಲೆ ಸೀಳಿದ ಸೌದೆಯನ್ನು ಸೂರಿನಡಿ ಒಟ್ಟಿದರೂ ಒಣಗುವುದು ನಿಧಾನ.

ತೋಟದ ಬದುವಿನ ಸರ್ವೆ, ಎಳೆಯ ನೀಲಗಿರಿಗೆ ಹಿಟಾಚಿ ತರಿಸಬೇಕಾಗಿಲ್ಲ. ಅವುಗಳಿಗೆ ಕೊಡಲಿ ಸಾಕು. ಹುಣಸೆ, ಮಳೆಮರ, ಆಲದಂಥ ಬೊಡ್ಡೆಗಳು ನಾಲ್ಕಾರು ಸೇರಿದಾಗ ಮಾತ್ರ ಗಂಟೆ ಲೆಕ್ಕದ ಬಾಡಿಗೆ ಗಿಟ್ಟುತ್ತದೆ.