ಪ್ಯಾಚ್ ಆಮೇಲೆ, ಮೊದಲು ತೊಂದರೆ ಹಿಡಿಯಿರಿ

ಶಿವಮೊಗ್ಗದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ: "ಸರ್, ಓಪನ್ ಸೋರ್ಸ್ ಎಲ್ಲಿಂದ ಶುರು ಮಾಡೋದು?" ಓಪನ್ ಸೋರ್ಸ್ ಅಂದರೆ ಯಾರು ಬೇಕಾದರೂ ಓದಿ, ತಿದ್ದುಪಡಿ (ಪ್ಯಾಚ್) ಕಳಿಸಬಹುದಾದ ಕೋಡ್. ಸರ್ವರ್‌ಗಳ ಗುಂಪಿನಲ್ಲಿ ಪ್ರೋಗ್ರಾಂಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟೀಸ್‌ನ ಕೋಡ್ ತೆರೆದು ನೋಡಿ ಗಾಬರಿಯಾಗಿರುತ್ತಾರೆ. ಸಹಜವೇ. 2014ರಲ್ಲಿ ಗೂಗಲ್ ಹೊರಬಿಟ್ಟ ಆ ಕೋಡ್ ಈಗ ಲಕ್ಷಗಟ್ಟಲೆ ಸಾಲು ಬೆಳೆದಿದೆ. ಅದನ್ನು ಪೂರ್ತಿ ಓದಬೇಕಾಗಿಲ್ಲ.

ನಿಮ್ಮ ಕೆಲಸದಲ್ಲಿ ನಿಮಗೇ ಕಾಟ ಕೊಟ್ಟ ಒಂದು ತೊಂದರೆ ಹಿಡಿಯಿರಿ. ಅದನ್ನು ಬೇಕೆಂದಾಗ ಮತ್ತೆ ಆಗುವ ಹಾಗೆ ಮಾಡಿ ತೋರಿಸಿ. ತೆರೆಮರೆಯ ಸರ್ವರ್ ಕೆಲಸ ನೋಡುವ ಬ್ಯಾಕೆಂಡ್ ಇಂಜಿನಿಯರ್ ಪಳಗುವುದು ಇಲ್ಲೇ.

ಒಂದು ಉದಾಹರಣೆ. ಡೇಟಾಬೇಸ್ ಬಿದ್ದಾಗ ನಿಮ್ಮ ಸರ್ವಿಸ್ ಸರಿಯಾಗಿ ಐದೈದು ಸೆಕೆಂಡಿಗೆ ಮತ್ತೆ ಸಂಪರ್ಕಕ್ಕೆ ಪ್ರಯತ್ನಿಸುತ್ತದೆ ಅನ್ನಿ. ಸರ್ವಿಸ್‌ನ ಒಂದೇ ಪ್ರತಿ ಓಡುತ್ತಿದ್ದರೆ ಏನೂ ತೊಂದರೆಯಿಲ್ಲ. ನೂರು ಪ್ರತಿ ಇದ್ದರೆ? ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಅಡಿಕೆ ತೋಟದ ಪಂಪ್‌ಗಳೆಲ್ಲ ಆಟೋ ಸ್ಟಾರ್ಟರ್‌ನಲ್ಲಿ ಒಟ್ಟಿಗೆ ಎದ್ದು ಫ್ಯೂಸ್ ಹಾರಿಸುತ್ತವಲ್ಲ, ಹಾಗೇ ಆಗುತ್ತದೆ. ಆಗ ತಾನೇ ಎದ್ದ ಡೇಟಾಬೇಸ್ ಮತ್ತೆ ಬೀಳುತ್ತದೆ. ಅದಕ್ಕೇ ಕಾಯುವ ಹೊತ್ತನ್ನು ಪ್ರತಿ ಸಲ ಹೆಚ್ಚಿಸಬೇಕು. ಕುಬರ್ನೆಟೀಸ್ ಬಿದ್ದ ಕಂಟೇನರನ್ನು (ಪ್ರೋಗ್ರಾಂ ಓಡುವ ಪ್ರತ್ಯೇಕ ಡಬ್ಬಿಯನ್ನು) 10, 20, 40 ಸೆಕೆಂಡ್ ಹೀಗೆ ಕಾದು ಎಬ್ಬಿಸುವುದು ಇದೇ ಲೆಕ್ಕದಲ್ಲಿ. ಮಾಮೂಲಿಯಾಗಿ ಐದು ನಿಮಿಷಕ್ಕಿಂತ ಜಾಸ್ತಿ ಕಾಯುವುದಿಲ್ಲ. ಜೊತೆಗೆ, ನೂರೂ ಪ್ರತಿಗಳು ಒಂದೇ ಕ್ಷಣಕ್ಕೆ ಬಾರದ ಹಾಗೆ ಕಾಯುವ ಹೊತ್ತನ್ನು ಸ್ವಲ್ಪ ಹಿಂದೆಮುಂದೆ ಮಾಡಬೇಕು. ಇದಕ್ಕೆ ಜಿಟರ್ ಅನ್ನುತ್ತೇವೆ.

ಇದನ್ನು ತೋರಿಸಲು ಕ್ಲೌಡ್ ಬಿಲ್ ಕಟ್ಟಬೇಕಿಲ್ಲ. 'ಕೈಂಡ್' ಎಂಬ ಟೂಲ್ ಲ್ಯಾಪ್‌ಟಾಪ್‌ನಲ್ಲೇ, ಡಾಕರ್ ಎಂಬ ಟೂಲಿನ ಕಂಟೇನರ್‌ಗಳ ಒಳಗೆ ಕುಬರ್ನೆಟೀಸ್ ಕ್ಲಸ್ಟರ್ (ಯಂತ್ರಗಳ ಗುಂಪು) ಎಬ್ಬಿಸುತ್ತದೆ. ಅದರಲ್ಲಿ ಡೇಟಾಬೇಸನ್ನೂ ನಿಮ್ಮ ಸರ್ವಿಸ್‌ನ ಕೆಲವು ಪ್ರತಿಗಳನ್ನೂ ಓಡಿಸಿ. ಡೇಟಾಬೇಸ್‌ನ ಪ್ರತಿಗಳನ್ನು ಸೊನ್ನೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಏರಿಸಿ. ಲಾಗ್‌ನಲ್ಲಿ (ಪ್ರೋಗ್ರಾಂ ತಾನೇ ಬರೆದಿಡುವ ದಾಖಲೆಯಲ್ಲಿ) ಸರ್ವಿಸ್‌ನ ಎಲ್ಲ ಪ್ರತಿಗಳ ಸಮಯ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲವೂ ಅದೇ ಸೆಕೆಂಡಿನಲ್ಲಿ ಬಾಗಿಲು ಬಡಿದಿದ್ದರೆ ನಿಮ್ಮ ಸಾಕ್ಷಿ ಸಿಕ್ಕಿತು. ಅದನ್ನೇ, ತಿದ್ದುವ ತನಕ ಫೇಲ್ ಆಗುವ ಒಂದು ಟೆಸ್ಟ್ ಮಾಡಿ. ಆಮೇಲಿನ ತಿದ್ದುಪಡಿ ಗೋ (Go) ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲವೇ ಸಾಲು.

ಇಂಥ ಸಾಕ್ಷಿ ಇಲ್ಲದ ಪ್ಯಾಚನ್ನು, ಕೋಡ್ ನೋಡಿಕೊಳ್ಳುವ ಮೇಂಟೇನರ್‌ಗಳು ನಂಬುವುದು ಕಷ್ಟ. ಪ್ಯಾಚ್‌ಗಳ ಲೆಕ್ಕ ಹೆಚ್ಚಿಸಲು ಸುಮ್ನೆ ಅಲ್ಪವಿರಾಮ ತಿದ್ದಿ ಕಳಿಸುವುದಂತೂ ಅವರ ಸಮಯ ತಿನ್ನುತ್ತದೆ, ದಯವಿಟ್ಟು ಬೇಡ. ಕುಬರ್ನೆಟೀಸ್‌ನಲ್ಲಿ ಹೊಸಬರ ಪ್ಯಾಚ್‌ಗೆ ಹಳೆಯ ಸದಸ್ಯರೊಬ್ಬರು ಒಪ್ಪಿಗೆ ಕೊಡುವ ತನಕ ಟೆಸ್ಟ್‌ಗಳೂ ಓಡುವುದಿಲ್ಲ. ವಾರಗಟ್ಟಲೆ ಕಾಯಬೇಕಾಗಬಹುದು. ಆಮೇಲೆ "ಇದು ಇಲ್ಲಿ ಯಾಕೆ?" ಅಂತ ಪ್ರಶ್ನೆ ಬರುತ್ತದೆ. ಬೇಜಾರು ಬೇಡ. ಆ ಪ್ರಶ್ನೆಗೆ ನೀವು ಬರೆದ ಉತ್ತರ ಎಲ್ಲರಿಗೂ ಕಾಣುವ ಜಾಗದಲ್ಲಿ ಉಳಿಯುತ್ತದೆ. ಕೆಲಸಕ್ಕೆ ಆಳು ಆರಿಸುವಾಗ ನಾನು ಸರ್ಟಿಫಿಕೇಟ್‌ಗಿಂತ ಅದನ್ನೇ ಮೊದಲು ಓದುತ್ತೇನೆ.

ಮಲೆನಾಡಿನ ಮಳೆಗಾಲದಲ್ಲಿ ನೆಟ್ ಕೈಕೊಟ್ಟರೂ ಈ ಕೆಲಸ ನಿಲ್ಲುವುದಿಲ್ಲ. 2005ರಲ್ಲಿ ಲಿನಕ್ಸ್‌ನ ಲೀನಸ್ ಟೊರ್ವಾಲ್ಡ್ಸ್ ಕಟ್ಟಿದ, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಕಮಿಟ್ ಮಾಡಲು (ಬದಲಾವಣೆ ದಾಖಲಿಸಲು) ನೆಟ್ ಬೇಕಿಲ್ಲ. ತೀರ್ಥಹಳ್ಳಿ ಪೇಟೆಯಲ್ಲಿ ಕೋಡ್ ಇಳಿಸಿಕೊಂಡು ಮನೆಯಲ್ಲಿ ಕೂತು ಬರೆಯಬಹುದು, ಸಿಗ್ನಲ್ ಸಿಕ್ಕಾಗ ಕಳಿಸಬಹುದು.

ನಿಮ್ಮದೇ ತೊಂದರೆ ಇನ್ನೂ ಸಿಕ್ಕಿಲ್ಲವಾ? ಬೇರೆಯವರು ಬರೆದಿಟ್ಟ ದೂರೊಂದನ್ನು ಎತ್ತಿಕೊಳ್ಳಿ. ಆವೃತ್ತಿ, ಮಾಡಿದ ಹೆಜ್ಜೆಗಳು, ಲಾಗ್ ಸಮೇತ "ನನಗೂ ಹೀಗೇ ಆಯಿತು" ಅಂತ ಬರೆಯಿರಿ. ಆಗಲಿಲ್ಲವೆಂದರೆ ಅದನ್ನೂ ಬರೆಯಿರಿ. ಕುಬರ್ನೆಟೀಸ್‌ನಲ್ಲಿ ಹೀಗೆ ಮತ್ತೆ ಆಗದ ದೂರಿಗೂ ಒಂದು ಲೇಬಲ್ ಇದೆ.